ಜಮಖಾನದ ಮೇಲಿನ ಪಗಡೆ

ನವಲಗುಂದದ ಜಮಖಾನಗಳಿಗೆ ಪರಂಪರೆಯಿಂದ ಬಂದ ಚಿತ್ರಗಳಲ್ಲಿ ಎರಡು ಮುಖ್ಯವಾದವು. ಒಂದು ನವಿಲು, ಇನ್ನೊಂದು ಪಗಡೆಯ ಪಟ. ನವಿಲು ತಮ್ಮ ಊರಿನ ಹೆಸರಿನಲ್ಲೇ ಇದೆ ಎಂದು ಅಲ್ಲಿನ ಜನ ಹೇಳುತ್ತಾರೆ. ನವಿಲುಗಳ ಗುಡ್ಡವೇ ನವಲಗುಂದವಾಯಿತಂತೆ. ಪಗಡೆ ಬಂದದ್ದು ಮನೆಯ ಪಡಸಾಲೆಯಿಂದ, ಊರ ಕಟ್ಟೆಯಿಂದ. ಮೇಲುನೋಟಕ್ಕೆ ಎರಡೂ ಅಲಂಕಾರವೇ. ಆದರೆ ನೇಯುವ ಕೈಗೆ ಇವೆರಡರ ನಡುವೆ ದೊಡ್ಡ ಅಂತರವಿದೆ. ನವಿಲಿನ ಬಾಲ ಒಂದು ಗೇಣು ಉದ್ದವಾದರೂ ಅದು ನವಿಲೇ, ಮೋಟಾದರೂ ನವಿಲೇ. ಕೊರಳು ನೀಲಿಯ ಬದಲು ಕೆಂಪಾದರೆ ಯಾರೂ ತಕರಾರು ಮಾಡುವುದಿಲ್ಲ. ಪಗಡೆಯ ಪಟದಲ್ಲಿ ಒಂದು ಸಾಲು ಕಡಿಮೆಯಾದರೆ ಮಾತ್ರ ಅದು ಪಗಡೆಯಾಗಿ ಉಳಿಯುವುದಿಲ್ಲ. ಪಗಡೆಯಂತೆ ಕಾಣುವ ಒಂದು ವಿನ್ಯಾಸವಾಗುತ್ತದೆ, ಅಷ್ಟೆ.

ಒಂದು ಆಟ ತನ್ನ ಮೂಲದ ನೆಲೆಯನ್ನು ಬಿಟ್ಟು ಇನ್ನೊಂದು ಮಾಧ್ಯಮಕ್ಕೆ ಹೋದಾಗ ಅದರ ರೂಪದಲ್ಲಿ ಯಾವುದು ಉಳಿಯಲೇಬೇಕು, ಯಾವುದು ಬದಲಾದರೆ ನಡೆದೀತು? ಇಂದು ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ವಿಡಿಯೊ ಗೇಮ್ ಆಡಿ, ಅದೇ ಆಟವನ್ನು ಆಧರಿಸಿದ ಜಪಾನಿನ ಅನಿಮೆ ಚಿತ್ರಮಾಲೆಯನ್ನೂ ನೋಡುವ ಹುಡುಗ ಹುಡುಗಿಯರು. ಆಟದಲ್ಲಿ ಕಂಡ ನಾಯಕ ಚಿತ್ರದಲ್ಲಿ ಹಾಗೆಯೇ ಕಾಣುತ್ತಿಲ್ಲ ಎಂಬುದು ಅವರ ದೂರು. ಮಕ್ಕಳ ಜಗಳವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಇದೇ ಪ್ರಶ್ನೆಯನ್ನು ಧಾರವಾಡ ಜಿಲ್ಲೆಯ ನೇಕಾರ ಹೆಂಗಸರು ಮಗ್ಗದ ಮುಂದೆ ಕುಳಿತು ತಲೆಮಾರುಗಳಿಂದ ಬಿಡಿಸುತ್ತ ಬಂದಿದ್ದಾರೆ. ಮೈಸೂರಿನ ಒಬ್ಬ ಅರಸ ತನ್ನ ಆಯುಷ್ಯದ ಒಂದು ಭಾಗವನ್ನೇ ಇದಕ್ಕೆ ಮೀಸಲಿಟ್ಟಿದ್ದ.

ತೊಂಬತ್ತಾರು ಮನೆಗಳ ಲೆಕ್ಕ

ಮೊದಲು ಪಗಡೆಯ ರೂಪವನ್ನೇ ನೋಡೋಣ. ಗಣಿತದ ಅಧಿಕ ಚಿಹ್ನೆಯಂತೆ ನಾಲ್ಕು ತೋಳು. ಪ್ರತಿ ತೋಳಿನಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 8, ಒಟ್ಟು 24 ಮನೆಗಳು. ನಾಲ್ಕು ತೋಳು ಸೇರಿ 96. ನಡುವೆ ಹಣ್ಣಾದ ಕಾಯಿಗಳು ಸೇರುವ ಚೌಕ. ಈ 96ರಲ್ಲಿ 68 ಮನೆಗಳು ಎಲ್ಲ ಕಾಯಿಗಳೂ ಸುತ್ತು ಹಾಕುವ ಹೊರದಾರಿ. ಉಳಿದ 28 ಮನೆಗಳು, ತೋಳಿಗೆ 7ರಂತೆ, ಆಯಾ ಆಟಗಾರನ ಒಳದಾರಿ. ಒಬ್ಬೊಬ್ಬರಿಗೆ 4ರಂತೆ ನಾಲ್ಕು ಬಣ್ಣದ 16 ಕಾಯಿಗಳು. ಉರುಳಿಸಲು ನಾಲ್ಕು ಮಗ್ಗುಲಿನ ಉದ್ದನೆಯ ದಾಳಗಳು. ಕೆಲವು ಪಟಗಳಲ್ಲಿ ಗೊತ್ತಾದ ಮನೆಗಳ ಮೇಲೆ ಕತ್ತರಿ ಗುರುತು ಇರುತ್ತದೆ. ಅಲ್ಲಿ ಕೂತ ಕಾಯಿಯನ್ನು ಎದುರಾಳಿ ಹೊಡೆಯುವಂತಿಲ್ಲ.

ಈ ಲೆಕ್ಕ ಕೇವಲ ಶಾಸ್ತ್ರಕ್ಕಲ್ಲ. ನುರಿತ ಆಟಗಾರ ಮನೆಗಳನ್ನು ಬೆರಳಿಟ್ಟು ಎಣಿಸುವುದಿಲ್ಲ. ತೋಳಿನ ತುದಿಯಿಂದ ನಡುವಿಗೆ ಎಷ್ಟು ದೂರ, ಮುಂದಿನ ತೋಳಿಗೆ ತಿರುಗಿದರೆ ಎದುರಾಳಿಯ ಕಾಯಿ ಎಷ್ಟನೆಯ ಮನೆಯಲ್ಲಿದೆ ಎಂಬುದು ಅವನ ಕಣ್ಣಿಗೇ ರೂಢಿಯಾಗಿರುತ್ತದೆ. ದಾಳ ಬೀಳುವ ಮೊದಲೇ ಯಾವ ಗರ ಬಿದ್ದರೆ ಯಾವ ಕಾಯಿ ನಡೆಸಬೇಕು, ಎಲ್ಲಿ ಜೋಡಿ ಕಟ್ಟಬೇಕು ಎಂಬುದು ಅವನಿಗೆ ಗೊತ್ತು. ತೋಳಿನಲ್ಲಿ 8ರ ಬದಲು 7 ಮನೆಗಳಿದ್ದರೆ ಆ ಕಣ್ಣಿನ ರೂಢಿಯೇ ಮೋಸ ಹೋಗುತ್ತದೆ. ಹಾಗೆ ನೋಡಿದರೆ ಪಗಡೆಯ ಚಿತ್ರವೇ ಅದರ ನಿಯಮ. ಚಿತ್ರ ಕೆಟ್ಟರೆ ನಿಯಮವೂ ಕೆಡುತ್ತದೆ.

ಬಲಿಪಾಡ್ಯಮಿಗೆ ಶಾಸ್ತ್ರಗ್ರಂಥಗಳಲ್ಲಿ ‘ದ್ಯೂತ ಪ್ರತಿಪದೆ’ ಎಂಬ ಹೆಸರೇ ಇದೆ. ಉತ್ತರ ಕರ್ನಾಟಕದ ಹಲವು ಹಳ್ಳಿಗಳಲ್ಲಿ ದೀಪಾವಳಿಗೆ ಪಗಡೆಯ ಬಟ್ಟೆ ಬಿಚ್ಚುವ ರೂಢಿಯುಂಟು. ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಊರುಗಳು ಎರೆ ನೆಲದವು. ಹತ್ತಿ, ಜೋಳ, ಕಡಲೆ ಇಲ್ಲಿಯ ಬೆಳೆ. ಮಳೆ ಬಿದ್ದಾಗ ಕಾಲಿಡಲಾಗದಷ್ಟು ಅಂಟು, ಬೇಸಿಗೆಯಲ್ಲಿ ಬಾಯಿ ಬಿಟ್ಟ ಬಿರುಕು. ಹೊಲದ ಕೆಲಸ ತಾನಾಗಿಯೇ ನಿಲ್ಲುವ ದಿನಗಳು ಇಲ್ಲಿ ಬಹಳ. ಅಂಥ ಬಿಡುವಿನಲ್ಲಿ ಬೆಳೆದ ಆಟ ಇದು. ಅದೇ ನೆಲದ ಹತ್ತಿಯಿಂದ ಜಮಖಾನ, ಅದೇ ನೆಲದ ಬಿಡುವಿನಿಂದ ಪಗಡೆ. ಎರಡೂ ಒಂದೆಡೆ ಕೂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಸು ಮತ್ತು ಹೊಕ್ಕು

ಕನ್ನಡದಲ್ಲಿ ‘ಹಾಸು’ ಎಂದರೆ ನೆಲಕ್ಕೆ ಹಾಸುವುದು. ಪಗಡೆಯ ಪಟವನ್ನೂ ಹಾಸು ಎನ್ನುತ್ತೇವೆ. ನೇಕಾರರ ಮಾತಿನಲ್ಲಿ ‘ಹಾಸು’ ಎಂದರೆ ಮಗ್ಗದ ಮೇಲೆ ಬಿಗಿದು ನಿಲ್ಲಿಸಿದ ಎಳೆಗಳು. ಅವುಗಳ ನಡುವೆ ತೂರಿ ಬರುವುದು ‘ಹೊಕ್ಕು’. ನವಲಗುಂದದಲ್ಲಿ ಒಂದು ಹಾಸು ಇನ್ನೊಂದು ಹಾಸಿನೊಳಗೆ ಹೊಕ್ಕಿತು ಎನ್ನಬಹುದು.

ಈ ನೇಯ್ಗೆ ಹೆಂಗಸರದು. ಶೇಖ್ ಸಯೀದ್ ಎಂಬ ಸಮುದಾಯದ ಮನೆತನಗಳು ಇದನ್ನು ಉಳಿಸಿಕೊಂಡು ಬಂದಿವೆ. ತಮ್ಮ ಹಿರಿಯರು ಆದಿಲ್‌ಶಾಹಿ ಕಾಲದ ಬಿಜಾಪುರದ ಜಮಖಾನ ಗಲ್ಲಿಯವರು, ಯುದ್ಧದ ಗಲಭೆಯಲ್ಲಿ ಅಲ್ಲಿಂದ ಹೊರಟು ಕೊನೆಗೆ ನವಲಗುಂದದಲ್ಲಿ ನೆಲೆ ನಿಂತರು ಎಂಬುದು ಅವರಲ್ಲಿ ನಡೆದುಬಂದ ಮಾತು. ಮದುವೆಯಾಗಿ ಪರವೂರಿಗೆ ಹೋಗುವ ಮಗಳಿಗಲ್ಲ, ಮನೆಗೆ ಬರುವ ಸೊಸೆಗೆ ಕಸುಬು ಕಲಿಸುವುದು ಹಿಂದಿನ ಪದ್ಧತಿಯಾಗಿತ್ತೆಂದೂ ಹೇಳುತ್ತಾರೆ. ದೊಡ್ಡ ಜಮಖಾನ, ಗುಡಾರ, ನಮಾಜಿಗೆ ಹಾಸುವ ಜಾನಮಾಜ್ ಎಂದು ಇವರ ನೇಯ್ಗೆಯಲ್ಲಿ ಮೂರು ಬಗೆ. ಮುಸಲ್ಮಾನ ಹೆಂಗಸರ ಮಗ್ಗದಲ್ಲಿ ಪ್ರಾರ್ಥನೆಯ ಹಾಸೂ ಹುಟ್ಟಿತು, ಹಿಂದೂ ಹಬ್ಬದ ದಿನ ಆಡುವ ಪಗಡೆಯೂ ಮೂಡಿತು ಎಂಬುದನ್ನು ಗಮನಿಸಬೇಕು.

ಜಮಖಾನದ ಮಗ್ಗ ನೆಟ್ಟಗೆ ನಿಂತಿರುತ್ತದೆ. ಬಣ್ಣದ ಹೊಕ್ಕಿನ ನೂಲನ್ನು ಆಯಾ ಬಣ್ಣ ಬೇಕಾದಷ್ಟೇ ಎಳೆಗಳ ನಡುವೆ ಕೈಯಿಂದ ಹಾಯಿಸಿ, ‘ಪಂಜಾ’ ಎಂಬ ಲೋಹದ ಹಣಿಗೆಯಿಂದ ಕೆಳಕ್ಕೆ ತಟ್ಟುತ್ತಾರೆ. ಹೊಕ್ಕು ಹಾಸಿನ ಎಳೆಗಳನ್ನು ಪೂರ್ತಿ ಮುಚ್ಚುವುದರಿಂದ ಜಮಖಾನಕ್ಕೆ ಒಳಮೈ ಹೊರಮೈ ಎಂಬ ಭೇದವಿಲ್ಲ. ಎರಡು ಕಡೆಯೂ ಒಂದೇ ಚಿತ್ರ. ಇಲ್ಲಿ ಗೆರೆ ಎಳೆಯುವ ಮಾತೇ ಇಲ್ಲ, ಎಣಿಸಬೇಕು. ಅಡ್ಡಗೆರೆ ಸುಲಭ. ನೆಟ್ಟಗೆರೆ ಕಷ್ಟ, ಎರಡು ಬಣ್ಣಗಳು ಒಂದೇ ಜಾಗದಲ್ಲಿ ಪದೇ ಪದೇ ಹಿಂತಿರುಗಿದರೆ ನಡುವೆ ಸೀಳು ಬೀಳುತ್ತದೆ, ಅದನ್ನು ಕೊಂಡಿ ಹಾಕಿ ಕೂಡಿಸಬೇಕು. ಓರೆಗೆರೆ ಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ದುಂಡು ಎಂಬುದಂತೂ ಇಲ್ಲವೇ ಇಲ್ಲ. ನವಿಲಿನ ಕೊರಳು ಕೋನಗಳಾಗಿ ಒಡೆಯುವುದು ಇದಕ್ಕೇ.

ಈಗ ಪಗಡೆಯನ್ನು ಈ ಮಗ್ಗಕ್ಕೆ ಏರಿಸಿ ನೋಡಿ. ಒಂದು ಮನೆಗೆ 12 ಎಳೆ ಎಂದಿಟ್ಟುಕೊಳ್ಳೋಣ. ಎಡದ ತೋಳಿಗೆ 8 ಮನೆ, ನಡುವಿಗೆ 3, ಬಲದ ತೋಳಿಗೆ 8, ಒಟ್ಟು 19 ಮನೆ. ಅಂದರೆ 228 ಎಳೆ. ಅಗಲದ ಲೆಕ್ಕ ಮೊದಲೇ ಗೊತ್ತಾಯಿತು, ಅದು ತಪ್ಪುವಂತಿಲ್ಲ. ಎತ್ತರದ ಲೆಕ್ಕ ಹಾಗಲ್ಲ. ಪಂಜಾ ಬಿಗಿಯಾಗಿ ತಟ್ಟಿದರೆ ಮನೆ ಗಿಡ್ಡವಾಗುತ್ತದೆ, ಸಡಿಲವಾಗಿ ತಟ್ಟಿದರೆ ಉದ್ದವಾಗುತ್ತದೆ. ಬೆಳಗಿನ ಕೈ ಬೇರೆ, ಸಂಜೆಯ ದಣಿದ ಕೈ ಬೇರೆ. ದೊಡ್ಡ ಜಮಖಾನಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ಕೂತರೆ ಎಲ್ಲರ ಕೈಯೂ ಒಂದಾಗಬೇಕು. ಮನೆ ಚಚ್ಚೌಕ ಹೋಗಿ ಆಯತವಾದರೆ ಆಟಕ್ಕೆ ಬಾಧೆಯಿಲ್ಲ. ಎಂಟನೆಯ ಮನೆ ಮರೆತರೆ ಬಾಧೆ. ಆಕಾರಕ್ಕೆ ರಿಯಾಯಿತಿ ಇದೆ, ಎಣಿಕೆಗೆ ಇಲ್ಲ. ಆಟ ಮಾಧ್ಯಮ ಬದಲಿಸುವಾಗ ಪಾಲಿಸಬೇಕಾದ ಮೊದಲ ಸೂತ್ರ ಇದೇ ಎಂದು ನನಗೆ ತೋರುತ್ತದೆ.

ಈ ಎಣಿಕೆಯ ಬುದ್ಧಿ ಧಾರವಾಡ ಸೀಮೆಗೆ ಹೊಸದೇನಲ್ಲ. ಕಸೂತಿ ಹಾಕುವ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಗೋಪುರವನ್ನೂ ತೇರನ್ನೂ ಎಬ್ಬಿಸುತ್ತಾರೆ. ಅಂಗಳದ ರಂಗೋಲಿ ಚುಕ್ಕಿಗಳ ಲೆಕ್ಕದಿಂದ ಹುಟ್ಟುತ್ತದೆ. ಚಿತ್ರವನ್ನು ನೆನಪಿಡುವುದಕ್ಕಿಂತ ಸಂಖ್ಯೆಯನ್ನು ನೆನಪಿಡುವುದು ಸುಲಭ, ಸಂಖ್ಯೆಯನ್ನು ಸೊಸೆಗೆ ದಾಟಿಸುವುದು ಇನ್ನೂ ಸುಲಭ.

ಚುಕ್ಕಿಗಳ ಪರದೆ

ಈ ಚುಕ್ಕಿಗಳ ಲೆಕ್ಕವೇ ನಮ್ಮನ್ನು ಜಪಾನಿಗೆ ಕರೆದೊಯ್ಯುತ್ತದೆ. ನಿಂಟೆಂಡೊ ಕಂಪನಿ 1989ರಲ್ಲಿ ಹೊರತಂದ ಗೇಮ್ ಬಾಯ್ ಎಂಬ ಕೈಯಾಟಿಕೆಯ ಪರದೆಯಲ್ಲಿದ್ದದ್ದು ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ. ಬಣ್ಣವಿಲ್ಲ, ಒಂದೇ ವರ್ಣದ ನಾಲ್ಕು ಛಾಯೆ ಮಾತ್ರ. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್ ಆಟವನ್ನು ಈ ಪರದೆಗಾಗಿಯೇ ಮಾಡಲಾಯಿತು. ಅದರ 151 ವಿಚಿತ್ರ ಪ್ರಾಣಿಗಳಿಗೆ ಮೂಲರೂಪ ಕೊಟ್ಟ ಮುಖ್ಯ ಚಿತ್ರಕಾರ ಕೆನ್ ಸುಗಿಮೊರಿ. ಕಾಗದದ ಮೇಲಿನ ಆ ಜಲವರ್ಣದ ಚಿತ್ರಗಳು ಆಟದೊಳಗೆ ಹೋಗುವಾಗ ಹೆಚ್ಚೆಂದರೆ 56 ಚುಕ್ಕಿ ಅಗಲ, 56 ಚುಕ್ಕಿ ಎತ್ತರದ ಚೌಕದೊಳಗೆ ಕೂರಬೇಕಾಯಿತು. ನವಲಗುಂದದ ನವಿಲಿನ ಹಾಗೆ ಇಲ್ಲಿಯೂ ದುಂಡು ಮೆಟ್ಟಿಲಾಯಿತು, ಓರೆ ಗರಗಸವಾಯಿತು.

ಮರುವರ್ಷ, 1997ರ ಏಪ್ರಿಲ್ 1ರಂದು, ಅದೇ ಆಟದ ಅನಿಮೆ ಚಿತ್ರಮಾಲೆ ಟೋಕಿಯೊದ ಟಿ.ವಿ.ಯಲ್ಲಿ ಶುರುವಾಯಿತು. ಅನಿಮೆಯ ಕಷ್ಟ ಬೇರೆ. ಅಲ್ಲಿ ಚಿತ್ರ ಚಲಿಸಬೇಕು. ಒಂದೇ ಪಾತ್ರವನ್ನು ಹತ್ತಾರು ಕೈಗಳು ಸಾವಿರಾರು ಸಲ ಬರೆಯಬೇಕು. ಯಾರು ಬರೆದರೂ ಮುಖ ಬದಲಾಗಬಾರದು. ಅದಕ್ಕಾಗಿ ಪಾತ್ರವನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಬರೆದು ಅಳತೆ ಗೊತ್ತುಪಡಿಸಿದ ಮಾದರಿ ಹಾಳೆಗಳನ್ನು ಮೊದಲೇ ಸಿದ್ಧಪಡಿಸುತ್ತಾರೆ. ಕಿವಿ ತಲೆಯ ಎಷ್ಟು ಪಾಲು, ತಲೆ ಮೈಯ ಎಷ್ಟು ಪಾಲು ಎಂಬ ಲೆಕ್ಕ ಅದರಲ್ಲಿರುತ್ತದೆ. ಅಲ್ಲಿಯೂ ಏಕರೂಪವನ್ನು ಕಾಯುವುದು ಒಂದು ಎಣಿಕೆಯೇ.

ಆ ಮಾಲೆಯ ಹಳದಿ ಪ್ರಾಣಿ ಪಿಕಾಚುವನ್ನು ನೋಡಿ. ಮೊದಲ ಆಟದಲ್ಲಿ ಅದು ಕೊರಳಿಲ್ಲದ ಗುಂಡು ಇಲಿ. ಅನಿಮೆಯಲ್ಲಿ ಓಡಿ ಹಾರಿ ಕುಣಿಯಬೇಕಾಗಿ ಬಂದು ಬರಬರುತ್ತ ಸಪೂರವಾಯಿತು, ತಲೆ ಮೈಗಳು ಬೇರೆಯಾದವು. ಆದರೂ ಅದನ್ನು ಗುರುತಿಸದ ಮಗುವಿಲ್ಲ. ಕೆಂಪು ಕೆನ್ನೆ, ಕಪ್ಪು ತುದಿಯ ಕಿವಿ, ಮಿಂಚಿನ ಆಕಾರದ ಬಾಲ ಈ ಮೂರು ಗುರುತು ಉಳಿದದ್ದೇ ಸಾಕಾಯಿತು. ಇನ್ನೂ ಸ್ವಾರಸ್ಯದ ಸಂಗತಿ ಮುಂದಿನದು. 1998ರ ಸೆಪ್ಟೆಂಬರಿನಲ್ಲಿ ಬಂದ ಹಳದಿ ಆವೃತ್ತಿಯ ಆಟದಲ್ಲಿ ಪ್ರಾಣಿಗಳ ಚಿತ್ರಗಳನ್ನು ಅನಿಮೆಗೆ ಹೊಂದುವಂತೆ ಹೊಸದಾಗಿ ಬರೆದರು. ಪಿಕಾಚು ಅನಿಮೆಯಲ್ಲಿನಂತೆಯೇ ಆಟಗಾರನ ಹಿಂದೆ ಹಿಂದೆ ನಡೆಯತೊಡಗಿತು. ನಕಲು ಮೂಲವನ್ನು ತಿದ್ದಿತು. 2003ರಲ್ಲಿ ಈ ಚಿತ್ರಮಾಲೆ ಭಾರತದ ಕಿರುತೆರೆಗೆ ಬಂದಾಗ ಇಲ್ಲಿಯ ಬಹುಪಾಲು ಮಕ್ಕಳು ಆಟವನ್ನು ಕಂಡೇ ಇರಲಿಲ್ಲ. ಅವರಿಗೆ ಚಿತ್ರವೇ ಮೂಲ.

ನೆತ್ತ ಪಗಡೆಯಾದ ಬಗೆ

ನಕಲು ಮೂಲವನ್ನು ತಿದ್ದುವುದು ಜಪಾನಿನಲ್ಲಷ್ಟೇ ನಡೆಯುವ ಸಂಗತಿಯಲ್ಲ. ನಮ್ಮ ಪಗಡೆಗೇ ಹೀಗಾಗಿದೆ. ಧರ್ಮರಾಯ ರಾಜ್ಯ ಕಳೆದುಕೊಂಡ ಜೂಜು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ನಾಲ್ಕು ತೋಳಿನ ಪಗಡೆಯ ಪಟ. ಆದರೆ ಸಂಸ್ಕೃತ ಮಹಾಭಾರತದ ಸಭಾಪರ್ವದಲ್ಲಿ ಕಾಯಿಗಳು ಮನೆಯಿಂದ ಮನೆಗೆ ನಡೆದ ವಿವರವಿಲ್ಲ. ಪಣ ಹೇಳುವುದು, ಎಸೆಯುವುದು, ಗೆದ್ದೆನೆನ್ನುವುದು, ಇಷ್ಟೇ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಗೋಳನ್ನು ಹೇಳುವ ಸೂಕ್ತವೊಂದಿದೆ. ಅಲ್ಲಿಯ ದಾಳಗಳು ತಾರೆಮರದ ಕಾಯಿಗಳು. ನಾಲ್ಕು ತೋಳಿನ ಪಟದ ಖಚಿತವಾದ ಕುರುಹುಗಳು ಸಿಗುವುದು ಬಹಳ ಈಚೆಗೆ. ಫತೇಪುರ ಸಿಕ್ರಿಯಲ್ಲಿ ಅಕ್ಬರನ ಅರಮನೆಯ ಅಂಗಳದ ಕಲ್ಲಿನ ಮೇಲಿರುವ ಪಟ ಅವುಗಳಲ್ಲಿ ಪ್ರಸಿದ್ಧವಾದದ್ದು.

ಕನ್ನಡದ ಹಳೆಯ ಕವಿಗಳು ಈ ಆಟಕ್ಕೆ ನೆತ್ತ, ಲೆತ್ತ ಎನ್ನುತ್ತಿದ್ದರು. ಕ್ರಿ.ಶ. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪನ ತಾಯಿಯ ತವರು ಅಣ್ಣಿಗೇರಿ. ಅದು ಪ್ರತ್ಯೇಕ ತಾಲ್ಲೂಕಾಗುವವರೆಗೂ ನವಲಗುಂದ ತಾಲ್ಲೂಕಿನ ಊರೇ ಆಗಿತ್ತು. ಭಾನುಮತಿ ಮತ್ತು ಕರ್ಣ ನೆತ್ತವಾಡಿದ ಪ್ರಸಂಗವನ್ನು ಆ ಕಾವ್ಯದ ಓದುಗರು ಮರೆಯುವುದಿಲ್ಲ. ಪಕ್ಕದ ಗದಗಿನಲ್ಲಿ ಕುಮಾರವ್ಯಾಸ ಕನ್ನಡ ಭಾರತವನ್ನು ಹಾಡಿದ. ಈ ಕವಿಗಳ ಕಾಲದ ನೆತ್ತ ಕಣ್ಣಿಗೆ ಹೇಗೆ ಕಾಣುತ್ತಿತ್ತೋ, ಕೇಳುಗ ಮಾತ್ರ ತನ್ನ ಊರ ಕಟ್ಟೆಯ ಮೇಲೆ ಕಂಡ ಆಟವನ್ನೇ ಹಸ್ತಿನಾವತಿಯ ಸಭೆಯಲ್ಲಿ ಹಾಸಿಕೊಂಡ. ಮುಂದೆ ಚಿತ್ರಕಾರರು, ಬಯಲಾಟದವರು ಅದನ್ನೇ ಮುಂದುವರಿಸಿದರು. 1988ರಿಂದ 1990ರವರೆಗೆ ದೂರದರ್ಶನದಲ್ಲಿ ಬಂದ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದ ಶಕುನಿ ದಾಳ ಉರುಳಿಸಿದ ಮೇಲಂತೂ ಬೇರೆ ಕಲ್ಪನೆಗೆ ಜಾಗವೇ ಉಳಿಯಲಿಲ್ಲ.

ಇದನ್ನು ತಪ್ಪೆನ್ನಬೇಕೆ? ಎಲ್ಲೋರಾದ 21ನೆಯ ಗುಹೆಯಲ್ಲಿ ಶಿವಪಾರ್ವತಿಯರು ದ್ಯೂತವಾಡುವ ಶಿಲ್ಪವಿದೆ. ಅಲ್ಲಿಯ ಶಿಲ್ಪಿಗೆ ಮುಖ್ಯವಾದದ್ದು ಮನೆಗಳ ಲೆಕ್ಕವಲ್ಲ. ಶಿವನ ಕೈಸನ್ನೆ, ಪಾರ್ವತಿಯ ಮುನಿಸು, ಕೆಳಗೆ ನಂದಿಯನ್ನು ಕಾಡುವ ಗಣಗಳು, ಇವು ಅವನ ಕಥೆ. ಕಥೆ ಹೇಳುವ ಚಿತ್ರಕ್ಕೆ ಆಟದ ಭಾವ ಸಾಕು. ಆಡುವವರ ಚಿತ್ರಕ್ಕೆ ಅದು ಸಾಲದು. ಆಟವನ್ನು ಕಥೆ ಮಾಡುವವನು ಯಾವುದನ್ನು ಬಿಡಬಹುದೋ, ಆಟವನ್ನು ಹಾಸು ಮಾಡುವವಳು ಅದನ್ನೇ ಬಿಡುವಂತಿಲ್ಲ. ಅನಿಮೆಯ ಬಗೆಗಿನ ಅರ್ಧ ಜಗಳ ಹುಟ್ಟುವುದು ಈ ಎರಡು ಬಗೆಯ ನಿಷ್ಠೆಯನ್ನು ಒಂದೇ ಎಂದು ತಿಳಿಯುವುದರಿಂದ.

ಅರಸನ ಎಲೆಗಳು

ಎರಡೂ ನಿಷ್ಠೆಗಳನ್ನು ಒಂದೇ ಕಡೆ ಸಾಧಿಸಲು ಹೊರಟವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868). 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಅವರಿಗೆ ಉಳಿದದ್ದು ಹೆಸರಿನ ದೊರೆತನ, ಅರಮನೆ ಮತ್ತು ಬಿಡುವು. ಆ ಬಿಡುವನ್ನು ಅವರು ಗ್ರಂಥಗಳಿಗೂ ಚಿತ್ರಗಳಿಗೂ ಆಟಗಳಿಗೂ ಕೊಟ್ಟರು. ದೇವತೆಗಳ ಧ್ಯಾನಶ್ಲೋಕಗಳನ್ನೂ ಅವುಗಳಿಗೆ ತಕ್ಕ ಚಿತ್ರಗಳನ್ನೂ ಒಂದೆಡೆ ಸೇರಿಸಿದ ‘ಶ್ರೀತತ್ತ್ವನಿಧಿ’ ಅವರ ಆಶ್ರಯದಲ್ಲಿ ಸಿದ್ಧವಾಯಿತು. ಒಂಬತ್ತು ನಿಧಿಗಳ ಈ ಮಹಾಗ್ರಂಥದ ಕೊನೆಯ ಭಾಗ ಕೌತುಕನಿಧಿ. ಆಟಗಳ ವಿಚಾರ ಬರುವುದು ಅದರಲ್ಲೇ.

ಗಂಜೀಫ ಎಂಬುದು ಪರ್ಷಿಯಾದ ಕಡೆಯಿಂದ ಬಂದ ಎಲೆಯಾಟ. ಬಾಬರನು 1527ರಲ್ಲಿ ಸಿಂಧ್‌ನ ಗೆಳೆಯನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮೊಗಲರ ಕಾಲದ ಸಾಮಾನ್ಯ ಗಂಜೀಫದಲ್ಲಿ ಬಣ್ಣಕ್ಕೆ 12ರಂತೆ 8 ಬಣ್ಣ, ಒಟ್ಟು 96 ಎಲೆ. ಭಾರತದಲ್ಲಿ ಅದು ದಶಾವತಾರ ಗಂಜೀಫವಾದಾಗ 10 ಅವತಾರಕ್ಕೆ 12ರಂತೆ 120 ಎಲೆಗಳಾದವು. ಮುಮ್ಮಡಿಯವರು ಇದನ್ನು ಇನ್ನೂ ಹಿಗ್ಗಿಸಿ ‘ಛದ’ಗಳೆಂಬ ಹೊಸ ಆಟಗಳನ್ನು ಕಟ್ಟಿದರು. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಬಣ್ಣಕ್ಕೆ 12 ಸಂಖ್ಯೆಯ ಎಲೆ, 6 ಆಸ್ಥಾನದ ಎಲೆ. ದೊಡ್ಡ ಆಟವೊಂದಕ್ಕೆ 360 ಎಲೆಗಳು ಬೇಕಾಗುತ್ತಿದ್ದವು.

ಇಲ್ಲಿಯ ಸಮಸ್ಯೆಯನ್ನು ಯೋಚಿಸಿ. ಗ್ರಂಥದ ಪುಟದ ಮೇಲೆ ವಿಸ್ತಾರವಾಗಿ ಕೂತಿದ್ದ ದೇವತೆ ಈಗ ಅಂಗೈಯೊಳಗಿನ ದುಂಡು ಬಿಲ್ಲೆಯ ಮೇಲೆ ಬರಬೇಕು. ಆಟಗಾರ ಹತ್ತಾರು ಎಲೆಗಳನ್ನು ಬೀಸಣಿಗೆಯಂತೆ ಹಿಡಿದಾಗ ಅಂಚು ಮಾತ್ರ ಕಂಡರೂ ಯಾವ ಎಲೆ ಎಂಬುದು ತಿಳಿಯಬೇಕು. ಒಡವೆಯ ನವುರು, ಸೆರಗಿನ ಮಡಿಕೆ ಎಲೆಯ ಮೇಲೆ ಉಳಿಯುವುದಿಲ್ಲ. ಉಳಿಯಬೇಕಾದವು ಶ್ಲೋಕ ಹೇಳಿದ ಆಯುಧ, ವಾಹನ, ಮೈಬಣ್ಣ, ಜೊತೆಗೆ ಆ ಬಣ್ಣದ ಎಲೆಗಳಿಗೆಲ್ಲ ಒಂದೇ ಆದ ಹಿನ್ನೆಲೆಯ ವರ್ಣ. ಪರಶುರಾಮನೆಂದು ತಿಳಿಯಲು ಕೊಡಲಿ ಸಾಕು, ಮತ್ಸ್ಯಾವತಾರಕ್ಕೆ ಮೀನು ಸಾಕು. ಪಿಕಾಚುವಿನ ಮೂರು ಗುರುತುಗಳಿಗೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಧ್ಯಾನಶ್ಲೋಕವೇ ಇಲ್ಲಿ ಮಾದರಿ ಹಾಳೆ. ಪುಟ, ಎಲೆ, ಗೋಡೆ ಯಾವುದರ ಮೇಲೆ ಬರೆದರೂ ಚಿತ್ರಕಾರ ಅದಕ್ಕೆ ಬದ್ಧ.

ಆದರೂ ಛದಗಳು ಅರಮನೆಯ ಹೊರಗೆ ಹಬ್ಬಲಿಲ್ಲ. ಚಿತ್ರ ಪರಿಪೂರ್ಣ, ನಿಯಮ ಪರಿಪೂರ್ಣ, ಆಡುವವರು ಮಾತ್ರ ಇಲ್ಲ. ಮೈಸೂರು ಗಂಜೀಫದ ಚಿತ್ರಕಲೆಯನ್ನು ರಘುಪತಿ ಭಟ್ಟರಂಥ ಕಲಾವಿದರು ನಮ್ಮ ಕಾಲಕ್ಕೆ ಮತ್ತೆ ಎತ್ತಿ ತಂದಿದ್ದಾರೆ. ಎಲೆಗಳು ಇಂದು ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ಬೆಳಗುತ್ತವೆ. ಕೈಗೆ ಬರುವುದು ಕಡಿಮೆ.

ಮನೆಗಳು ಕಡಿಮೆಯಾದವು

ಛದಗಳಿಗೆ ಚಿತ್ರ ಉಳಿದು ಆಟಗಾರರು ಹೋದರು. ಪಗಡೆಗೆ ಆದದ್ದು ಇದಕ್ಕೆ ವಿರುದ್ಧ. ಆಟ ಲೋಕವನ್ನೇ ಸುತ್ತಿತು, ಆದರೆ ಲೆಕ್ಕ ಕಳೆದುಕೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ಹೋಗಿ ‘ಪಾರ್ಚೀಸಿ’ ಆದಾಗ ಹೊರದಾರಿಯ 68 ಮನೆಗಳನ್ನು ಉಳಿಸಿಕೊಂಡಿತು. ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದು ‘ಲೂಡೊ’ ಆದಾಗ ತೋಳಿನ ಉದ್ದ 8ರಿಂದ 6ಕ್ಕೆ ಇಳಿಯಿತು. ತೋಳಿಗೆ 18, ಒಟ್ಟು 72 ಮನೆ, ಹೊರದಾರಿ 52. ಉದ್ದನೆಯ ದಾಳಗಳ ಬದಲು ಆರು ಮುಖದ ಒಂದೇ ದಾಳ ಬಂತು. ಜೋಡಿ ಕಟ್ಟುವ ಜಾಣತನ ಕುಗ್ಗಿ ಅದೃಷ್ಟದ ಪಾಲು ಹಿಗ್ಗಿತು.

2016ರಲ್ಲಿ ಮುಂಬಯಿ ಕಡೆಯ ಕಂಪನಿಯೊಂದು ಹೊರತಂದ ಲೂಡೊ ಕಿಂಗ್ ಆಟ 2020ರ ಲಾಕ್‌ಡೌನ್ ಕಾಲದಲ್ಲಿ ಹಳ್ಳಿ ಹಳ್ಳಿಯ ಮೊಬೈಲಿಗೂ ಹಬ್ಬಿತು. ಹೀಗೆ ಎರೆ ಸೀಮೆಯ ಕಟ್ಟೆಯ ಆಟ ಸಮುದ್ರ ದಾಟಿ, ಪ್ರತಿ ತೋಳಿನಲ್ಲಿ ಆರು ಮನೆಗಳನ್ನು ಕಳೆದುಕೊಂಡು, ಅದೇ ಕಟ್ಟೆಯ ಮೇಲೆ ಕೂತವರ ಕೈಗೆ ಬಂದಿದೆ. ಲೂಡೊ ಆಡಿ ಬೆಳೆದ ಕಣ್ಣಿಗೆ ಪಗಡೆಯೇ ವಿಚಿತ್ರ, ಉದ್ದ ತೋಳಿನ ಲೂಡೊ. ಜಪಾನಿನ ಹಳದಿ ಆವೃತ್ತಿಯ ಕಥೆ ಇಲ್ಲಿಯೂ ನಡೆದಿದೆ. ಅಲ್ಲಿ ನಕಲು ಮೂಲವನ್ನು ತಿದ್ದಿತು, ಇಲ್ಲಿ ನಕಲು ಮೂಲವನ್ನು ಮರೆಸುತ್ತಿದೆ.

ಎಣಿಕೆಯನ್ನು ಕಾಯುವವರು ಯಾರು?

ನವಲಗುಂದದ ಜಮಖಾನಕ್ಕೂ ಮೈಸೂರಿನ ಗಂಜೀಫಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಬೇರೆ ಊರಿನ ಮಾಲಿಗೆ ನವಲಗುಂದದ ಹೆಸರು ಹಚ್ಚಿ ಮಾರುವಂತಿಲ್ಲ ಎಂಬ ರಕ್ಷಣೆ ಇದು. ಬೇಕಾದದ್ದೇ. ಆದರೆ ನೇಯುವ ಹೆಂಗಸರ ಸಂಖ್ಯೆ ಇಳಿಯುತ್ತಲೇ ಬಂದಿದೆ. ವಾರಗಟ್ಟಲೆ ಕೂತು ನೇಯ್ದ ಒಂದು ಜಮಖಾನದ ಬೆಲೆಗೆ ಯಂತ್ರದ ಹಾಸುಗಳು ಹಲವು ಬರುತ್ತವೆ. ಯಂತ್ರಕ್ಕೆ ಪಗಡೆಯ ಪಟವನ್ನು ಅಚ್ಚೊತ್ತುವುದು ಕಷ್ಟವಲ್ಲ. ಒಮ್ಮೆ ಏಳು ಮನೆಯ ತೋಳನ್ನು ಕೊಟ್ಟುಬಿಟ್ಟರೆ ಅದು ಸಾವಿರ ಸಲ ಏಳನ್ನೇ ಒತ್ತುತ್ತದೆ, ಒಂದು ಗೆರೆಯೂ ಆಚೀಚೆ ಆಗದಂತೆ. ಏಕರೂಪವೆಂದರೆ ಅದೂ ಏಕರೂಪವೇ. ತಪ್ಪಿನ ಏಕರೂಪ.

ಕೈನೇಯ್ಗೆಯಲ್ಲಿ ಹೀಗಾಗದಂತೆ ತಡೆಯುತ್ತಿದ್ದದ್ದು ಯಾವ ಕಾನೂನೂ ಅಲ್ಲ. ಜಮಖಾನ ಕೊಂಡವರು ಅದರ ಮೇಲೆ ಕೂತು ಆಡುವವರಾಗಿದ್ದರೆ ಒಂದು ಸಾಲು ಕಡಿಮೆಯಿರುವುದು ಮೊದಲ ಆಟದಲ್ಲೇ ತಿಳಿದುಹೋಗುತ್ತದೆ, ದೂರು ಮಗ್ಗದವರೆಗೂ ಮುಟ್ಟುತ್ತದೆ. ಆಡುವವನ ಕಣ್ಣೇ ನೇಯುವವಳ ಕೈಗೆ ಕಾವಲು. ಆಡುವವರು ಇಲ್ಲವಾದಾಗ ಪಗಡೆಗೂ ನವಿಲಿನ ಸ್ವಾತಂತ್ರ್ಯ ಬಂದುಬಿಡುತ್ತದೆ, ಹೇಗಿದ್ದರೂ ನಡೆಯುತ್ತದೆ. ಅನಿಮೆಯ ಪಾತ್ರದ ಬಾಲ ತುಸು ಓರೆಯಾದರೂ ಗಲಾಟೆ ಎಬ್ಬಿಸುವ ಮಕ್ಕಳನ್ನು ನೋಡಿ ನಾವು ನಗುತ್ತೇವೆ. ಆ ಮಕ್ಕಳು ಆಡುವವರು, ಅದಕ್ಕೇ ಅವರಿಗೆ ಕಾಣುತ್ತದೆ.

ಕಸುಬನ್ನು ಉಳಿಸಲು ಮೇಳ ನಡೆಸುವವರು, ತರಬೇತಿ ಕೊಡುವವರು ಮಗ್ಗದ ಜೊತೆಗೆ ಆಟವನ್ನೂ ಗಮನಿಸುವುದು ಒಳ್ಳೆಯದು. ನವಲಗುಂದ, ಅಣ್ಣಿಗೇರಿ, ತಿರ್ಲಾಪುರದ ಶಾಲೆಗಳ ಮಕ್ಕಳಿಗೆ ಪಗಡೆ ಕಲಿಸಲು ದೊಡ್ಡ ಖರ್ಚೇನೂ ಇಲ್ಲ. ಸೀಮೆಸುಣ್ಣದಿಂದ ನೆಲದ ಮೇಲೆ ಬರೆದರೂ ಅದು ಪಗಡೆಯೇ, ಮನೆಗಳು 96 ಇದ್ದರಾಯಿತು. ಇನ್ನು ಪಗಡೆಯ ಚಿತ್ರವಿರುವ ಜಮಖಾನವನ್ನು ಯಾವುದಾದರೂ ಮೇಳದಲ್ಲಿ ಕಂಡವರು ಬಣ್ಣ ಮೆಚ್ಚಿ, ಬೆಲೆ ಕೇಳಿ, ಅಷ್ಟಕ್ಕೇ ಮುಂದೆ ಹೋಗಬಾರದು. ಒಂದು ತೋಳಿನ ಮನೆಗಳನ್ನು ಎಣಿಸಬೇಕು. ಅಡ್ಡಕ್ಕೆ ಮೂರು, ಉದ್ದಕ್ಕೆ ಎಂಟು ಇದ್ದರೆ ಅದರ ಮೇಲೆ ಕೂತು ಆಡಬಹುದು. ಇಲ್ಲದಿದ್ದರೆ ಲೆಕ್ಕ ತಪ್ಪಿದೆಯೆಂದು ಮಾರುವವರಿಗೆ ಹೇಳಬೇಕು. ಕೊಳ್ಳುವವರಲ್ಲಿ ಎಣಿಸುವವರು ಇನ್ನೂ ಇದ್ದಾರೆ ಎಂಬುದು ನೇಯುವವರಿಗೆ ಗೊತ್ತಾಗಲಿ.